ಪಿಂಪ್ಳೆ ಸೌದಾಗರದ ಲೆಕ್ಕ ಮುಂದುವರಿಯಲಿ

ಮಾನ್ಯ ಸಂಪಾದಕರೇ,

ಪುಣೆಯ ಪಿಂಪ್ಳೆ ಸೌದಾಗರದಲ್ಲಿ ಈಗ ನಮ್ಮಂಥ ಐಟಿ ಕನ್ನಡಿಗರೂ ಇದ್ದೇವೆ. ಇದೇ ಊರಿನ ಹೊಲ, ಸಾಲ, ಮನೆಖರ್ಚನ್ನು ಪುಣೆ ಕೃಷಿ ಕಾಲೇಜಿನ ಹೆರಾಲ್ಡ್ ಮ್ಯಾನ್ ವಿಚಾರಿಸಿ, 1917ರಲ್ಲಿ ಅಚ್ಚು ಹಾಕಿಸಿದ್ದರು. ಪಾಲಾಗುತ್ತಾ ಹೋದ ಜಮೀನು ಎಷ್ಟು ಚೂರಾಗಿತ್ತೆಂದರೆ, ಬರೀ ಬೇಸಾಯದಿಂದ ಹೆಚ್ಚಿನ ಮನೆಗಳ ಹೊಟ್ಟೆ ತುಂಬುತ್ತಿರಲಿಲ್ಲ. ಆ ಚೂರುಗಳ ಮೇಲೆ ಇಂದು ಅಪಾರ್ಟ್‌ಮೆಂಟುಗಳು ಎದ್ದಿವೆ. ಜಮೀನು ಮಾರಿದ ದುಡ್ಡು ಏನಾಯಿತು? ಜಮೀನೇ ಇಲ್ಲದ ಕೂಲಿಯವರು ಎಲ್ಲಿಗೆ ಹೋದರು? 1930ರಲ್ಲಿ ಶುರುವಾದ ಗೋಖಲೆ ಅರ್ಥಶಾಸ್ತ್ರ ಸಂಸ್ಥೆ ಪುಣೆಯಲ್ಲೇ ಇದೆ, ದೂರವೇನಲ್ಲ. ಹಳೆಯ ಲೆಕ್ಕ ಕೈಯಲ್ಲಿರುವಾಗ ಮತ್ತೊಮ್ಮೆ ಮನೆಮನೆ ಸುತ್ತಬಹುದು ಅಲ್ವಾ? ಸುಮ್ನೆ ಇಂಗ್ಲಿಷ್ ವರದಿ ಬರೆದು ಕಪಾಟಿಗೆ ಸೇರಿಸುವುದು ಬೇಡ. ಇಲ್ಲಿನ ಹಳೇ ಮನೆಯವರು ಓದುವಂತೆ ಮರಾಠಿಯಲ್ಲೂ ಬರಲಿ.

— ಓರ್ವ ಓದುಗ, ಪುಣೆ