‘ಜಿಪ್ಸಿ’ಗೆ ಕನ್ನಡ ಹುಡುಕುತ್ತಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯನಿಗೆ ನಮಸ್ಕಾರ.

ನಿನ್ನ ಪತ್ರ ಕೈಸೇರಿ ವಾರವಾಯಿತು. ನೀನು ಅನುವಾದಿಸುತ್ತಿರುವ ಇಂಗ್ಲೆಂಡಿನ ಹಳ್ಳಿಯ ಕಥೆಯಲ್ಲಿ, ಕುದುರೆ ಸಂತೆಯ ಭಾಗದಲ್ಲಿ ಮತ್ತೆ ಮತ್ತೆ ಬರುವ ‘ಜಿಪ್ಸಿ’ ಎಂಬ ಮಾತಿಗೆ ಅಲೆಮಾರಿ, ಲಂಬಾಣಿ, ಕೊರವಂಜಿ ಈ ಮೂರರಲ್ಲಿ ಯಾವುದನ್ನು ಇಡಲಿ ಎಂದು ಕೇಳಿದ್ದೀಯೆ. ಮೂರೂ ಬೇಡ ಎನ್ನುವುದು ನನ್ನ ಉತ್ತರ. ಇದೇ ತೊಡಕು ಅನುವಾದ ಮಾಡುವ ಬೇರೆಯವರಿಗೂ ಎದುರಾಗಿರಬಹುದೆಂದು ಈ ಪತ್ರವನ್ನು ಎಲ್ಲರೂ ಓದುವಂತೆ ಇಲ್ಲಿ ಹಾಕುತ್ತಿದ್ದೇನೆ.

ಆ ಪದ ಹುಟ್ಟಿದ್ದೇ ಒಂದು ತಪ್ಪು ತಿಳಿವಳಿಕೆಯಿಂದ. 15ನೆಯ ಶತಮಾನದಲ್ಲಿ ಪಶ್ಚಿಮ ಯುರೋಪಿನ ಊರುಗಳಿಗೆ ಬಂದ ಈ ಜನರ, ಅಂದರೆ ರೋಮಾ ಜನರ, ಗುಂಪುಗಳು ತಾವು ‘ಪುಟ್ಟ ಈಜಿಪ್ಟ್’ನಿಂದ ಹೊರಟ ಯಾತ್ರಿಕರೆಂದು ಹೇಳಿಕೊಂಡವು. ‘ಈಜಿಪ್ಷಿಯನ್’ ಎಂಬ ಮಾತು ಇಂಗ್ಲಿಷರ ನಾಲಿಗೆಯಲ್ಲಿ ಸವೆದು ‘ಜಿಪ್ಸಿ’ಯಾಯಿತು, ಸ್ಪೇನಿನಲ್ಲಿ ‘ಹಿತಾನೊ’ ಆಯಿತು. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಕಾಲದಲ್ಲಿ, 1530ರಲ್ಲಿ, ಇವರನ್ನು ದೇಶದಿಂದ ಹೊರಹಾಕಲು ಮಾಡಿದ ಕಾಯ್ದೆಯೂ ಇವರನ್ನು ಈಜಿಪ್ಟಿನವರೆಂದೇ ಕರೆಯಿತು. 1554ರ ಕಾಯ್ದೆ, ಹೋಗದೆ ಉಳಿದವರಿಗೆ ಮರಣದಂಡನೆಯನ್ನು ಸೇರಿಸಿತು. ತಾವು ಎಂದೂ ಕಾಣದ ದೇಶದ ಹೆಸರಿನಲ್ಲಿ ಜನ ಶಿಕ್ಷೆಗೆ ಗುರಿಯಾದರು ಎಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಭಾರವಾಗುತ್ತದೆ.

ಇವರ ಮೂಲ ತಿಳಿದದ್ದು ಇವರ ಮಾತಿನಿಂದಲೇ. ಇವರಾಡುವ ರೋಮಾನಿ ಭಾಷೆಯ ಬೇರು ಭಾರತದಲ್ಲಿದೆ ಎಂದು ಜರ್ಮನಿಯ ವಿದ್ವಾಂಸ ರ‍್ಯೂಡಿಗರ್ 1782ರಲ್ಲಿ ಪ್ರಕಟಿಸಿದ. ನೀರಿಗೆ ಪಾನಿ, ಕಿವಿಗೆ ಕಾನ್, ಮೂಗಿಗೆ ನಾಖ್, ಮನುಷ್ಯನಿಗೆ ಮನುಷ್: ರೋಮಾನಿ ಭಾಷೆಯ ಈ ಪದಗಳನ್ನು ಕೇಳಿದರೆ ನಿನಗೆ ಅರ್ಥ ಹೇಳಿಕೊಡಬೇಕಾಗಿಲ್ಲ. ಎಣಿಕೆಯಲ್ಲಿ ಐದಕ್ಕೆ ಪಾಂಜ್, ಹತ್ತಕ್ಕೆ ದೆಶ್. ನಡುವಿನ ಏಳು, ಎಂಟು, ಒಂಬತ್ತು ಮಾತ್ರ ಗ್ರೀಕಿನಿಂದ ಬಂದಿವೆ. ಗ್ರೀಕ್ ಮಾತಾಡುತ್ತಿದ್ದ ಬೈಜಾಂಟಿಯಮ್ ಸಾಮ್ರಾಜ್ಯದ ನೆಲದಲ್ಲಿ ಇವರು ಬಹುಕಾಲ ಬಾಳಿದ್ದರ ಗುರುತು ಅದು. ಅಲ್ಲಿಯೇ ಇವರಿಗೆ ‘ಅತ್ಸಿಂಗನೋಯ್’ ಎಂಬ ಇನ್ನೊಂದು ಹೆಸರು ಅಂಟಿತು. ಮುಟ್ಟದವರು, ಮುಟ್ಟಿಸಿಕೊಳ್ಳದವರು ಎಂಬ ಅರ್ಥದ ಆ ಹೆಸರು ಮೊದಲು ಬೇರೊಂದು ಪಂಥದವರದಾಗಿತ್ತು ಎನ್ನುತ್ತಾರೆ. ಜರ್ಮನಿನ ‘ತ್ಸಿಗೊಯ್ನರ್’ ಅದರದೇ ಕುಡಿ. ನಾಜಿಗಳ ಆಶ್ವಿಟ್ಸ್ ಸೆರೆಶಿಬಿರದಲ್ಲಿ ರೋಮಾ ಕೈದಿಗಳ ತೋಳಿನ ಮೇಲೆ ಸಂಖ್ಯೆಯ ಮುಂದೆ ಹಚ್ಚೆ ಹಾಕಿದ್ದು ಆ ಪದದ ಮೊದಲ ಅಕ್ಷರವಾದ ‘Z’ ಅನ್ನೇ.

ಇಂಗ್ಲಿಷಿನಲ್ಲಿ ‘ಜಿಪ್ಸಿ’ ಎಷ್ಟೆಲ್ಲ ಕಡೆ ಹರಡಿಕೊಂಡಿದೆ ನೋಡು. ಮೋಸ ಮಾಡುವುದಕ್ಕೆ ‘ಜಿಪ್’ ಎಂಬ ಕ್ರಿಯಾಪದ ಇದರಿಂದಲೇ ಹುಟ್ಟಿತೆಂದು ನಿಘಂಟುಗಳು ಹೇಳುತ್ತವೆ. ಅಮೆರಿಕದಲ್ಲಿ ಮರಗಳ ಎಲೆ ತಿಂದು ಬೋಳಿಸುವ ಪತಂಗಕ್ಕೂ ಈ ಹೆಸರಿತ್ತು. ಅಲ್ಲಿನ ಕೀಟವಿಜ್ಞಾನಿಗಳ ಸಂಘ ಅದನ್ನು ಕೈಬಿಟ್ಟು 2022ರಲ್ಲಿ ಬೇರೆ ಹೆಸರಿಟ್ಟಿತು. ನಮ್ಮಲ್ಲಾದರೆ 1985ರಿಂದ ಜಿಪ್ಸಿ ಎಂದರೆ ಮಾರುತಿಯ ವಾಹನ. ಕಾಡಿನ ಸಫಾರಿ, ಪೊಲೀಸರ ಗಸ್ತು ಕಣ್ಣಿಗೆ ಕಟ್ಟುತ್ತವೆ. ಇನ್ನು ಮನೆಮಾರಿನ ಹಂಗಿಲ್ಲದೆ ತಿರುಗುವ ಸುಖಜೀವಿ ಎಂಬ ಅರ್ಥ. ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಇದೇ ಎಂದು ನನಗನ್ನಿಸುತ್ತದೆ. ಕಾಯ್ದೆಗೆ ಹೆದರಿ ಊರು ಬಿಟ್ಟವರ ನಡಿಗೆಯನ್ನು ಅದು ಹವ್ಯಾಸವನ್ನಾಗಿ ಮಾಡಿಬಿಡುತ್ತದೆ. ‘ಅಲೆಮಾರಿ’ ಎಂದು ಬರೆದರೂ ಇದೇ ಆಗುತ್ತದೆ. ಯುರೋಪಿನ ರೋಮಾ ಜನರಲ್ಲಿ ಬಹುಪಾಲು ತಲೆಮಾರುಗಳಿಂದ ಒಂದೇ ಊರಿನಲ್ಲಿ ನೆಲೆ ನಿಂತವರು.

‘ಲಂಬಾಣಿ’ ಎಂದು ನಾನೇ ಒಮ್ಮೆ ಬರೆದಿದ್ದೆ. ಅದನ್ನು ಓದಿದ, ವಿಜಯಪುರದ ಕಡೆಯ ತಾಂಡಾದಲ್ಲಿ ಬೆಳೆದ ಸಹೋದ್ಯೋಗಿಯೊಬ್ಬರು, “ಇವರು ನಮ್ಮವರಾ ಸರ್? ಇವರ ಹಾಡಿನಲ್ಲಿ ನಮ್ಮ ಮಾತು ಒಂದೂ ಇಲ್ಲವಲ್ಲ” ಎಂದು ಮೆಲ್ಲಗೆ ಕೇಳಿದರು. ಲಂಬಾಣಿಗರು ತಮ್ಮನ್ನು ‘ಗೋರ್’ ಎಂದೂ ಹೊರಗಿನವರನ್ನು ‘ಕೋರ್’ ಎಂದೂ ಕರೆಯುತ್ತಾರೆಂದು ತಿಳಿಸಿದವರೂ ಅವರೇ. ರೋಮಾ ಜನರೂ ಹೊರಗಿನವರಿಗೆ ‘ಗಾಜೊ’ ಎನ್ನುತ್ತಾರೆ. ಎರಡೂ ನುಡಿಗಳು ಹಿಂದಿ, ಮರಾಠಿಗಳಂತೆ ಇಂಡೋ-ಆರ್ಯನ್ ಬಳಗದವಾಗಿರಬಹುದು, ಜನರು ಬೇರೆ. ಒಬ್ಬರ ಹೆಸರನ್ನು ಇನ್ನೊಬ್ಬರಿಗೆ ತೊಡಿಸಿ ನಾನು ಇಬ್ಬರಿಗೂ ಅನ್ಯಾಯ ಮಾಡಿದ್ದೆ. ಕೊರವಂಜಿಯ ಮಾತೂ ಅಷ್ಟೇ. ಆಕೆಯ ಬುಟ್ಟಿ, ಆಕೆಯ ಕಣಿ ನಮ್ಮ ನೆಲದವು.

ಹಾಗಾದರೆ ಎಲ್ಲ ಕಡೆಯೂ ‘ರೋಮಾ’ ಎಂದು ಬರೆಯಲೇ ಎಂದು ನೀನು ಕೇಳಬಹುದು. 1971ರ ಏಪ್ರಿಲ್‌ನಲ್ಲಿ ಲಂಡನ್ ಬಳಿ ಸೇರಿದ ಮೊದಲ ವಿಶ್ವ ರೋಮಾನಿ ಸಮ್ಮೇಳನದಲ್ಲಿ, ಹೊರಗಿನವರು ಕೊಟ್ಟ ಹೆಸರುಗಳನ್ನು ಬಿಟ್ಟು ಅವರು ಆರಿಸಿಕೊಂಡದ್ದು ತಮ್ಮದೇ ಆದ ಆ ಪದವನ್ನು. ‘ರೋಮ್’ ಎಂದರೆ ಗಂಡಸು, ಗಂಡ. ‘ರೋಮ್ನಿ’ ಎಂದರೆ ಹೆಂಗಸು, ಹೆಂಡತಿ. ಆದರೆ ಇಂಗ್ಲೆಂಡಿನಲ್ಲಿ ಇಂದಿಗೂ ಅನೇಕ ಕುಟುಂಬಗಳು ತಮ್ಮನ್ನು ಜಿಪ್ಸಿ ಎಂದೇ ಅಭಿಮಾನದಿಂದ ಹೇಳಿಕೊಳ್ಳುತ್ತವೆ. 2021ರ ಜನಗಣತಿಯಲ್ಲಿ ಜಿಪ್ಸಿ ಮತ್ತು ರೋಮಾ ಎರಡಕ್ಕೂ ಬೇರೆ ಬೇರೆ ಜಾಗವಿತ್ತು.

ಆದ್ದರಿಂದ ಕಥೆಯಲ್ಲಿ ಆ ಪದ ಯಾರ ಬಾಯಿಂದ ಬರುತ್ತದೆ ಎಂಬುದನ್ನು ನೋಡಿಕೊಂಡು ಹೋಗು. ಕುದುರೆ ಮಾರುವ ಮುದುಕಿ ತನ್ನನ್ನು ಜಿಪ್ಸಿ ಎಂದಾಗ ಹಾಗೆಯೇ ಇರಲಿ. ಪೇದೆ ಅದೇ ಪದವನ್ನು ಉಗುಳಿದಾಗಲೂ ಹಾಗೆಯೇ ಇರಲಿ, ಅವನ ತಿರಸ್ಕಾರವನ್ನು ವಾಕ್ಯದ ಉಳಿದ ಭಾಗ ಹೊರಲಿ. ರೈತನ ಮಗಳು ‘ನನ್ನದು ಜಿಪ್ಸಿ ಮನಸ್ಸು’ ಎನ್ನುವ ಒಂದು ಕಡೆ ಮಾತ್ರ ‘ಕಾಲು ನಿಲ್ಲದ ಮನಸ್ಸು’ ಎಂದು ತಿರುಗಿಸಿದರೆ ಕನ್ನಡಕ್ಕೆ ಒಗ್ಗುತ್ತದೆ. ಮುದುಕಿ ಮೊಮ್ಮಗನೊಡನೆ ಆಡುವ, ನಿನಗೆ ಅರ್ಥವಾಗಲಿಲ್ಲವೆಂದ ಆ ಎರಡು ಸಾಲುಗಳನ್ನು ಮೂಲದಲ್ಲಿ ಇದ್ದಂತೆಯೇ ಬರೆದು ಕಳುಹಿಸು, ಇಬ್ಬರೂ ಕೂಡಿ ಬಿಡಿಸೋಣ.

ನಿನ್ನ ಗೆಳೆಯ