ಹಡಗಿನಲ್ಲಿ ಗಂಜಿ ತಂದುಕೊಟ್ಟ ಅಣ್ಣನಿಗೆ

ಉಡುಪಿಯ ನಮ್ಮ ಮನೆಯವರೆಲ್ಲರ ಧನ್ಯವಾದ ನಿಮಗೆ.

ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ 7 ರಾತ್ರಿ. ನಡುವೆ ಒಂದೂ ಬಂದರಿಲ್ಲ, ಬರೀ ಅಟ್ಲಾಂಟಿಕ್. ಎರಡನೇ ದಿನವೇ ಗಾಳಿ ಎದ್ದು ಅತ್ತೆಗೆ ತಲೆಸುತ್ತು, ವಾಂತಿ. ಮಲ್ಪೆಯ ಕಡಲು ನೋಡುತ್ತಲೇ ಬೆಳೆದವರು, ಆದರೆ ಕಡಲ ಮೇಲೆ ಮಲಗಿ ಅಭ್ಯಾಸವಿಲ್ಲವಲ್ಲ. ಮಾತ್ರೆ, ಶುಂಠಿ, ಹಸಿರು ಸೇಬು ಎಲ್ಲ ಆಯಿತು. ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ.

ಊಟದ ಹಾಲ್‌ನಲ್ಲಿ ನಾವು ತುಳುವಿನಲ್ಲಿ ಇದನ್ನೇ ಮಾತಾಡುತ್ತಿದ್ದಾಗ ತಟ್ಟೆ ಎತ್ತಲು ಬಂದ ನೀವು ನಿಂತುಬಿಟ್ಟಿರಿ. ಮಂಗಳೂರಿನವರು! ಅರ್ಧ ಗಂಟೆಯಲ್ಲಿ ಕ್ಯಾಬಿನ್ ಬಾಗಿಲಿಗೆ ಮೆತ್ತಗೆ ಬೆಂದ ಗಂಜಿ ಬಂತು, ಪಕ್ಕದಲ್ಲಿ ನಿಮ್ಮದೇ ಡಬ್ಬಿಯ ಮಾವಿನ ಮಿಡಿ. “ಒಣಸ್ ಆಂಡಾ ಅಮ್ಮ?” (ಊಟ ಆಯಿತಾ ಅಮ್ಮ?) ಎಂಬ ದನಿ ಕೇಳಿದ್ದೇ ಅತ್ತೆ ಎದ್ದು ಕೂತರು. ಬಟ್ಟಲು ಖಾಲಿ ಮಾಡಿದರು.

ಪಶ್ಚಿಮಕ್ಕೆ ಹೋಗುವಾಗ ಐದು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಹಗಲಿಡೀ ನಿಂತು ದುಡಿಯುವ ನಿಮಗೆ ಹೆಚ್ಚಿಗೆ ಸಿಗುವ ಆ ಒಂದು ಗಂಟೆಯ ನಿದ್ದೆ ಎಷ್ಟು ದೊಡ್ಡದು! ಅದನ್ನೂ ಬಿಟ್ಟು ಬೆಳಿಗ್ಗೆ ಬಂದು ವಿಚಾರಿಸಿದಿರಿ.

ಕೆಲಸಕ್ಕೆ ತೊಂದರೆಯಾಗಬಾರದೆಂದು ನಿಮ್ಮ ಹೆಸರು ಬರೆಯುತ್ತಿಲ್ಲ. ರಜೆಗೆ ಊರಿಗೆ ಬಂದಾಗ ಮನೆಗೆ ಬನ್ನಿ ಅಣ್ಣಾ. ಕುಚ್ಚಲಕ್ಕಿ ಗಂಜಿ ತಾವೇ ಬಡಿಸಬೇಕೆಂದು ಅತ್ತೆ ಕಾಯುತ್ತಿದ್ದಾರೆ.