ಅಕ್ಕಿ ಲೆಕ್ಕದ ಯುದ್ಧ

ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್ ಅಂದರೆ ಬರೀ ಗುಂಡು ಹಾರಿಸುವುದು ಎಂದು ಬೈದು ಬರೆದ ಪತ್ರಗಳನ್ನು ನಿಮ್ಮ ಅಂಕಣದಲ್ಲಿ ಆಗಾಗ ಓದುತ್ತೇನೆ. ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು. ವಯಸ್ಸು 52. ರಾತ್ರಿ ಊಟ ಮುಗಿಸಿ ಹಳೆಯ ನಿಂಟೆಂಡೊ ಗೇಮ್ ಯಂತ್ರದಲ್ಲಿ 'ನೊಬುನಾಗಾಸ್ ಆಂಬಿಷನ್' ಎಂಬ ಆಟ ಹಾಕಿಕೊಂಡು ಕೂರುತ್ತೇನೆ.

16ನೇ ಶತಮಾನದ ಜಪಾನ್. ನೀವೊಬ್ಬ ಪಾಳೇಗಾರ. ವರ್ಷಕ್ಕೆ ನಾಲ್ಕು ಋತು, ಒಂದು ಸೀಮೆಗೆ ಋತುವಿಗೊಂದೇ ಅಪ್ಪಣೆ. ಗದ್ದೆ ಬೆಳೆಸುತ್ತೀರೋ, ಸೈನ್ಯ ಕಟ್ಟುತ್ತೀರೋ? ಎರಡೂ ಒಟ್ಟಿಗೆ ಆಗಲ್ಲ. ಹೊಸಬರು ಎಡವುವುದೇ ಇಲ್ಲಿ. ಸುಮ್ನೆ ಸೈನಿಕರನ್ನು ಸೇರಿಸುತ್ತಾರೆ, ನೆರೆ ತಡೆಯುವ ಕಟ್ಟೆ ಕಟ್ಟುವುದನ್ನು ಮರೆಯುತ್ತಾರೆ. ಬಿರುಗಾಳಿ ಬಂದು ಬೆಳೆ ಹೋಗುತ್ತದೆ. ಅಕ್ಕಿ ಖಾಲಿಯಾದರೆ ಯುದ್ಧವೂ ಸೋತಂತೆಯೇ. ನನ್ನ ಮಾತು ಕೇಳಿ, 50 ಸೀಮೆಗಳ ಆಟ ಆಮೇಲೆ ಇರಲಿ, ಮೊದಲು 17ರದ್ದು ಆಡಿ. ಅಕ್ಕಿ ದರ ಏರಿದಾಗ ಮಾರಿ, ಇಳಿದಾಗ ಕೊಳ್ಳಿ. (ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ!)

ಒಂದು ಸಂಕಟವನ್ನೂ ಹೇಳುತ್ತೇನೆ. ಆಟ ಉಳಿಸಿಡಲು ಕಾರ್ಟ್ರಿಜ್ (ಯಂತ್ರಕ್ಕೆ ಸಿಕ್ಕಿಸುವ ಆಟದ ಡಬ್ಬಿ) ಒಳಗೆ ನಾಣ್ಯದಂಥ ಬ್ಯಾಟರಿ ಇರುತ್ತದೆ. ಕಳೆದ ಶ್ರಾವಣದಲ್ಲಿ ನನ್ನದು ಸತ್ತುಹೋಯಿತು. ಒಂಬತ್ತು ಸೀಮೆ ಗೆದ್ದಿದ್ದೆ, ಎಲ್ಲಾ ಮಾಯ. ರೇಡಿಯೊ ರಿಪೇರಿಯವರು ಹತ್ತೇ ನಿಮಿಷದಲ್ಲಿ ಹೊಸದನ್ನು ಬೆಸುಗೆ ಹಾಕಿಕೊಟ್ಟರು. ಆಫ್ ಮಾಡುವಾಗ ರೀಸೆಟ್ ಒತ್ತಿ ಹಿಡಿದೇ ಪವರ್ ಬಟನ್ ಒತ್ತಿ, ಇಲ್ಲದಿದ್ದರೆ ಉಳಿಸಿದ್ದು ಕೆಡಬಹುದು.

ಈಗ ಮತ್ತೆ ಓವಾರಿ ಸೀಮೆಯಿಂದ ಶುರು ಮಾಡಿದ್ದೇನೆ. ಪಕ್ಕದ ಮಿನೊ ಸೀಮೆಯವರು ಯಾಕೋ ಸುಮ್ಮನಿದ್ದಾರೆ. ಅನುಮಾನ ಬರಲ್ವಾ?

— ಒಬ್ಬ ಓದುಗ, ಗಂಗಾವತಿ